ಟೇಪ್ ಬ್ಯಾಕಪ್: ಲಿನಕ್ಸ್ ಯಂತ್ರದ ದತ್ತಾಂಶ ಕಾಯುವ ಕೆಲಸ

ಶಿಕಾರಿಪುರ–ಸೊರಬ ಸೀಮೆಯಲ್ಲಿ ಅಂಬ್ಲಿಗೊಳ ಎಂದರೆ ಮೊದಲು ನೆನಪಾಗುವುದು ಜಲಾಶಯ. ಅದರ ಅಚ್ಚುಕಟ್ಟಿನ ಗದ್ದೆಗಳ ಪಹಣಿ, ಸೊಸೈಟಿಯ ಸಾಲದ ಲೆಕ್ಕ, ಶಾಲೆಯ ದಾಖಲಾತಿ, ಊರಿನ ಮದುವೆಗಳ ವಿಡಿಯೊ ಎಲ್ಲವೂ ಇವತ್ತು ಎಲ್ಲೋ ಒಂದು ಕಂಪ್ಯೂಟರಿನ ಡಿಸ್ಕ್‌ನಲ್ಲಿವೆ. ಡಿಸ್ಕ್ ಹೇಳದೆ ಕೇಳದೆ ಕೈಕೊಡುತ್ತದೆ. ಸಿಡಿಲು ಹೊಡೆದರೆ ಪಕ್ಕದಲ್ಲೇ ಇಟ್ಟ ಎರಡನೇ ಡಿಸ್ಕ್ ಕೂಡ ಉಳಿಯುವ ಖಾತ್ರಿಯಿಲ್ಲ. ಹಾಗಾಗಿ ದತ್ತಾಂಶದ ಇನ್ನೊಂದು ಪ್ರತಿಯನ್ನು ಕಾಂತೀಯ ಟೇಪಿಗೆ ಬರೆದು, ಡ್ರೈವ್‌ನಿಂದ ಹೊರತೆಗೆದು, ಬೇರೆ ಕಡೆ ಇಡುವ ಪದ್ಧತಿ ಬಂತು. ಇದೇ ಟೇಪ್ ಬ್ಯಾಕಪ್. ಸರ್ವರ್‌ಗಳಲ್ಲಿ ಬಹುಪಾಲು ಲಿನಕ್ಸ್ ಇರುವುದರಿಂದ ಈ ಕೆಲಸವೂ ಹೆಚ್ಚಾಗಿ ಲಿನಕ್ಸ್ ಮೇಲೆಯೇ ನಡೆಯುತ್ತದೆ. ಕಮಾಂಡ್ ಕಲಿಯಲು ಒಂದು ವಾರ ಸಾಕು. ಆದರೆ ಇದು ಇಂಜಿನಿಯರ್ ಕೆಲಸಕ್ಕಿಂತ ಹೆಚ್ಚಾಗಿ ರಿಜಿಸ್ಟರ್ ಬರೆಯುವ ಗುಮಾಸ್ತರ ಕೆಲಸ. ಟೇಪ್ ಬ್ಯಾಕಪ್ ಹಾಳಾಗುವುದು ಹೆಚ್ಚಾಗಿ ಈ ಗುಮಾಸ್ತಿಕೆ ತಪ್ಪಿದಾಗಲೇ.

ಎರಡನೇ ಪ್ರತಿಯ ಹಳೇ ಉದಾಹರಣೆ

ಈ ಸೀಮೆಗೆ ಎರಡನೇ ಪ್ರತಿಯ ಬೆಲೆ ಹೊಸದಾಗಿ ಹೇಳಿಕೊಡಬೇಕಿಲ್ಲ. ತಾಳಗುಂದದ ಸ್ತಂಭಶಾಸನ, ಬಳ್ಳಿಗಾವಿಯ ದೇವಾಲಯಗಳ ಶಾಸನಗಳು, ಊರೂರಿನ ವೀರಗಲ್ಲುಗಳು ಇಲ್ಲಿ ತುಂಬಿಕೊಂಡಿವೆ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದ 7ನೇ ಸಂಪುಟದಲ್ಲಿ (1902) ಶಿಕಾರಿಪುರ ತಾಲೂಕಿನ ಶಾಸನಗಳೂ 8ನೇ ಸಂಪುಟದಲ್ಲಿ (1904) ಸೊರಬ ತಾಲೂಕಿನ ಶಾಸನಗಳೂ ಅಚ್ಚಾದವು. ತಾಳಗುಂದದ ಸ್ತಂಭಕ್ಕೆ ಅಲ್ಲಿ ಶಿಕಾರಿಪುರ 176 ಎಂಬ ಸಂಖ್ಯೆ. ಕಲ್ಲು ಸವೆದರೂ, ಒಡೆದರೂ, ಯಾರದೋ ಮನೆಯ ಬುನಾದಿಗೆ ಹೋದರೂ ಪಾಠ ಉಳಿಯುವುದು ಇಂಥ ಪುಸ್ತಕಗಳಿಂದ. ಪ್ರತಿ ಇದೆ, ಅದಕ್ಕೊಂದು ಸಂಖ್ಯೆ ಇದೆ, ಮೂಲ ಇರುವ ಜಾಗದಲ್ಲಿ ಪ್ರತಿ ಇಲ್ಲ. ಒಳ್ಳೆಯ ಬ್ಯಾಕಪ್‌ಗೆ ಬೇಕಾದ ಮೂರೂ ಅದರಲ್ಲಿವೆ.

ಪಹಣಿಯ ಕಥೆ ಇನ್ನೂ ಹತ್ತಿರದ್ದು. 2000ದ ಆಸುಪಾಸಿನಲ್ಲಿ ಶುರುವಾದ ಭೂಮಿ ಯೋಜನೆ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಆಮೇಲೆ ತಾಲೂಕು ತಾಲೂಕಾಗಿ ಕೈಬರಹದ ಪಹಣಿಗೆ ಕಾನೂನಿನ ಬೆಲೆ ಇಲ್ಲವೆಂದು ಸಾರಲಾಯಿತು. ಅಂದಿನಿಂದ ಡಿಸ್ಕ್‌ನಲ್ಲಿ ಇರುವುದೇ ಅಸಲು, ಕೈಗೆ ಸಿಗುವ ಕಾಗದ ಅದರ ನಕಲು. ಅಸಲೇ ಡಿಸ್ಕ್‌ನಲ್ಲಿದ್ದಾಗ ಬ್ಯಾಕಪ್ ಎನ್ನುವುದು ಆಡಳಿತದ ಕರ್ತವ್ಯದ ಸಾಲಿಗೆ ಸೇರುತ್ತದೆ.

ಗಾತ್ರದ ಪ್ರಶ್ನೆಯೂ ಇದೆ. ಬೆಂಗಳೂರಿನ ಮಿಥಿಕ್ ಸೊಸೈಟಿ ಈಗ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡಿಸುತ್ತಿದೆ. ಶಿಕಾರಿಪುರ, ಸೊರಬದ ಅಷ್ಟೂ ಶಾಸನಗಳನ್ನು ಯಾರಾದರೂ ಹಾಗೆ ಸ್ಕ್ಯಾನ್ ಮಾಡಲು ಹೊರಟರೆ ಲೆಕ್ಕ ಜಿಬಿಯಲ್ಲಿ ನಿಲ್ಲುವುದಿಲ್ಲ, ಟಿಬಿಗೆ ಹೋಗುತ್ತದೆ. 2 ಟಿಬಿಯನ್ನು 10 ಎಂಬಿಪಿಎಸ್ ಅಪ್‌ಲೋಡ್ ಇರುವ ಸಂಪರ್ಕದಲ್ಲಿ ಕ್ಲೌಡ್‌ಗೆ ಏರಿಸಲು, ಲೈನ್ ಒಂದು ಕ್ಷಣವೂ ಕಡಿಯದಿದ್ದರೆ, 18 ದಿನ ದಾಟುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಲೈನ್ ಕಡಿಯದೆ ಇರುವುದು ಎಷ್ಟು ಸಾಧ್ಯ ಎಂಬುದು ಇಲ್ಲಿಯವರಿಗೆ ಗೊತ್ತು. ಒಂದು ಸಾಧಾರಣ ಎಲ್‌ಟಿಒ-6 ಟೇಪ್ ಡ್ರೈವ್ ಅಷ್ಟನ್ನೇ ಮೂರೂವರೆ ಗಂಟೆಯಲ್ಲಿ ಬರೆದು ಮುಗಿಸುತ್ತದೆ.

ಟೇಪಿನ ಒಳಗೆ

ಶಿವಮೊಗ್ಗ ಜಿಲ್ಲೆಯಲ್ಲಿ ಕಾಂತೀಯ ಟೇಪನ್ನು ಹತ್ತಿರದಿಂದ ಕಂಡವರು ಭದ್ರಾವತಿ ಆಕಾಶವಾಣಿಯ ಹಳಬರು. ಮಿಕ್ಕವರಿಗೆ ಕ್ಯಾಸೆಟ್ ಗೊತ್ತು. ದತ್ತಾಂಶದ ಟೇಪೂ ಅದೇ ಕುಲದ್ದು: ತೆಳುವಾದ ಪ್ಲಾಸ್ಟಿಕ್ ಪಟ್ಟಿ, ಅದರ ಮೇಲೆ ಕಾಂತೀಯ ಲೇಪ, ಎದುರಿಗೆ ಹೆಡ್. ಐಬಿಎಂ 1952ರಲ್ಲಿ ತಂದ 726 ಎಂಬ ಯಂತ್ರದ ಕಾಲಕ್ಕೆ ಒಂದು ದೊಡ್ಡ ರೀಲಿನಲ್ಲಿ ಹಿಡಿಯುತ್ತಿದ್ದುದು ಸುಮಾರು 2 ಎಂಬಿ. ಇವತ್ತು ಫೋನಿನಲ್ಲಿ ತೆಗೆದ ಒಂದು ಫೋಟೊ ಅದಕ್ಕಿಂತ ದೊಡ್ಡದು.

ಈಗ ಎಲ್ಲೆಡೆ ನಡೆಯುವುದು ಎಲ್‌ಟಿಒ ಎಂಬ ಮಾದರಿ. ಎಚ್‌ಪಿ, ಐಬಿಎಂ, ಸೀಗೇಟ್ ಸೇರಿ ರೂಪಿಸಿದ ಇದರ ಮೊದಲ ಪೀಳಿಗೆ 2000ದಲ್ಲಿ ಬಂತು, 100 ಜಿಬಿ ಸಾಮರ್ಥ್ಯದೊಂದಿಗೆ. 2012ರ ಎಲ್‌ಟಿಒ-6ಕ್ಕೆ 2.5 ಟಿಬಿ, 2017ರ ಎಲ್‌ಟಿಒ-8ಕ್ಕೆ 12 ಟಿಬಿ, 2021ರ ಎಲ್‌ಟಿಒ-9ಕ್ಕೆ 18 ಟಿಬಿ. ಕಾರ್ಟ್ರಿಡ್ಜ್ ಮಾತ್ರ ಅಂಗೈಯಗಲದ್ದೇ. ಒಳಗೆ ಒಂದೇ ರೀಲು. ಟೇಪಿನ ತುದಿಯನ್ನು ಡ್ರೈವ್ ಎಳೆದುಕೊಂಡು ತನ್ನೊಳಗಿನ ಇನ್ನೊಂದು ರೀಲಿಗೆ ಸುತ್ತಿಕೊಳ್ಳುತ್ತದೆ.

ಎಲ್‌ಟಿಒ-6 ಟೇಪಿನ ಉದ್ದ 846 ಮೀಟರ್, ಅಗಲ ಅರ್ಧ ಇಂಚು. ಅಷ್ಟು ಅಗಲದಲ್ಲಿ 2,176 ಹಾದಿಗಳಿವೆ. ಒಮ್ಮೆಗೆ 16 ಹಾದಿ ಬರೆಯುತ್ತಾ ಆ ತುದಿ ಮುಟ್ಟಿ, ಅಲ್ಲಿಂದ ತಿರುಗಿ ಈ ತುದಿಗೆ ಬಂದು, ಹೀಗೆ ತುದಿಯಿಂದ ತುದಿಗೆ ಒಟ್ಟು 136 ಸಲ ಓಡಿದರೆ ಟೇಪ್ ತುಂಬುತ್ತದೆ. ಒಟ್ಟು ಓಟ 115 ಕಿಲೊಮೀಟರ್. ಹೆಚ್ಚೂಕಡಿಮೆ ಶಿಕಾರಿಪುರದಿಂದ ಶಿವಮೊಗ್ಗಕ್ಕೆ ಹೋಗಿ ಬಂದಷ್ಟು. ನಡುವಿನ ಒಂದು ಫೈಲ್ ಬೇಕೆಂದರೆ ಡ್ರೈವ್ ಅಲ್ಲಿಯವರೆಗೂ ಓಡಲೇಬೇಕು. ದಿನಾ ತೆಗೆದು ನೋಡುವ ಕಡತಕ್ಕೆ ಟೇಪ್ ಒಗ್ಗದಿರುವುದು ಇದರಿಂದಲೇ.

ಡಬ್ಬಿಯ ಮೇಲೆ ಎರಡು ಅಂಕಿ ಇರುತ್ತವೆ: 2.5 ಟಿಬಿ, 6.25 ಟಿಬಿ. ಎರಡನೆಯದು ದತ್ತಾಂಶ ಚೆನ್ನಾಗಿ ಕುಗ್ಗಿದರೆ ಸಿಗಬಹುದಾದದ್ದು. ಜೆಪೆಗ್ ಫೋಟೊ, ಎಂಪಿ4 ವಿಡಿಯೊ ಮೊದಲೇ ಕುಗ್ಗಿದವು, ಮತ್ತೆ ಕುಗ್ಗುವುದಿಲ್ಲ. ಟೇಪ್ ಕೊಳ್ಳುವವರು ಮೊದಲನೇ ಅಂಕಿಯನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು.

ಲಿನಕ್ಸ್ ಟೇಪನ್ನು ಕಾಣುವ ಬಗೆ

ಡ್ರೈವ್ ಸಾಮಾನ್ಯವಾಗಿ ಎಸ್‌ಎಎಸ್ ಕೇಬಲ್‌ನಲ್ಲಿ ಸರ್ವರಿಗೆ ಸೇರುತ್ತದೆ. ಅದಕ್ಕೆ ಎಚ್‌ಬಿಎ ಎಂಬ ಕಾರ್ಡ್ ಬೇಕು. ಡಿಸ್ಕ್‌ಗಳ ರೇಡ್ ಕಾರ್ಡಿಗೇ ಸಿಕ್ಕಿಸಿದರೆ ಎಷ್ಟೋ ಸಲ ಡ್ರೈವ್ ಕಾಣುವುದೇ ಇಲ್ಲ. ಕಂಡಿತೆಂದರೆ ಲಿನಕ್ಸ್ ಅದಕ್ಕೆ ಡೆವ್ ಕೋಶದಲ್ಲಿ ಎರಡು ಹೆಸರು ಕೊಡುತ್ತದೆ: ಎಸ್‌ಟಿ0 ಮತ್ತು ಎನ್‌ಎಸ್‌ಟಿ0. ಡ್ರೈವ್ ಒಂದೇ, ನಡತೆ ಎರಡು. ಎಸ್‌ಟಿ0 ಹೆಸರಿನಲ್ಲಿ ತೆರೆದರೆ ಕೆಲಸ ಮುಗಿದ ಕೂಡಲೇ ಟೇಪ್ ತಾನಾಗಿ ಮೊದಲಿಗೆ ಸುತ್ತಿಕೊಳ್ಳುತ್ತದೆ. ಎನ್‌ಎಸ್‌ಟಿ0 ಆದರೆ ನಿಂತಲ್ಲೇ ನಿಲ್ಲುತ್ತದೆ.

ಈ ಒಂದು ‘ಎನ್’ ಅಕ್ಷರ ಬಿಟ್ಟುಹೋದರೆ ಏನಾಗುತ್ತದೆ ನೋಡಿ. ರಾತ್ರಿ 11ಕ್ಕೆ ಓಡುವ ಸ್ಕ್ರಿಪ್ಟ್ ಮೊದಲು ಲೆಕ್ಕದ ಡೇಟಾಬೇಸ್ ಬರೆಯುತ್ತದೆ, ಆಮೇಲೆ ಫೋಟೊಗಳನ್ನು. ಎಸ್‌ಟಿ0 ಎಂದು ಬರೆದಿದ್ದರೆ ಡೇಟಾಬೇಸ್ ಮುಗಿಯುತ್ತಲೇ ಟೇಪ್ ಹಿಂದಕ್ಕೆ ಸುತ್ತಿಕೊಳ್ಳುತ್ತದೆ, ಫೋಟೊಗಳು ಅದರ ತಲೆಯ ಮೇಲೆಯೇ ಕೂರುತ್ತವೆ. ಎರಡೂ ಕಮಾಂಡ್ ಯಶಸ್ವಿ ಎಂದೇ ಲಾಗ್ ಹೇಳುತ್ತದೆ. ಬೆಳಗ್ಗೆ ಬಂದವರು ಲಾಗ್ ನೋಡಿ ಸಹಿ ಹಾಕುತ್ತಾರೆ. ವರ್ಷಗಟ್ಟಲೆ ಹೀಗೇ ನಡೆದರೂ ಟೇಪಿನಲ್ಲಿ ಲೆಕ್ಕ ಮಾತ್ರ ಇರುವುದಿಲ್ಲ.

ಒಂದಕ್ಕಿಂತ ಹೆಚ್ಚು ಡ್ರೈವ್ ಇದ್ದರೆ ಇನ್ನೊಂದು ತೊಡಕು. ಯಂತ್ರ ಆರಿಸಿ ಹಚ್ಚಿದಾಗ ನಿನ್ನೆಯ 0 ಇವತ್ತು 1 ಆಗಿರಬಹುದು. ಡೆವ್ ಕೋಶದೊಳಗಿನ ಟೇಪ್ ಕೋಶದಲ್ಲಿ ಡ್ರೈವಿನ ಸೀರಿಯಲ್ ನಂಬರ್ ಹೊತ್ತ ಹೆಸರು ಇರುತ್ತದೆ. ಸ್ಕ್ರಿಪ್ಟ್‌ನಲ್ಲಿ ಅದನ್ನೇ ಬಳಸುವುದು ಕ್ಷೇಮ. ಬ್ಯಾಕಪ್ ಓಡಿಸುವ ಬಳಕೆದಾರನನ್ನು ಟೇಪ್ ಎಂಬ ಗುಂಪಿಗೆ ಸೇರಿಸಿದರೆ ಸಾಕು, ಡ್ರೈವ್ ಬಳಸಲು ರೂಟ್ ಅಧಿಕಾರ ಕೊಡಬೇಕಾಗಿಲ್ಲ.

ಟೇಪನ್ನು ಹಿಂದೆ ಮುಂದೆ ಓಡಿಸುವುದು ಎಂಟಿ ಎಂಬ ಕಮಾಂಡ್. ಸ್ಟೇಟಸ್ ಕೇಳಿದರೆ ಟೇಪ್ ಎಷ್ಟನೇ ಫೈಲಿನ ಬಳಿ ನಿಂತಿದೆ, ಬರೆಯದಂತೆ ಬೀಗ ಹಾಕಿದೆಯೇ ಎಂದು ಹೇಳುತ್ತದೆ. ರಿವೈಂಡ್ ಎಂದರೆ ಮೊದಲಿಗೆ, ಎಫ್‌ಎಸ್‌ಎಫ್ ಎಂದರೆ ಒಂದು ಫೈಲ್ ಮುಂದಕ್ಕೆ, ಇಒಡಿ ಎಂದರೆ ಬರೆದದ್ದರ ಕೊನೆಗೆ, ಆಫ್‌ಲೈನ್ ಎಂದರೆ ಸುತ್ತಿ ಹೊರಕ್ಕೆ. ಡೆಬಿಯನ್ ಬಳಗದಲ್ಲಿ ಸಿಪಿಐಒ ಎಂಬ ಪ್ಯಾಕೇಜ್ ಜೊತೆ ಬರುವ ಸಣ್ಣ ಎಂಟಿ ಮೊದಲೇ ಇರುತ್ತದೆ. ಪೂರ್ತಿ ಸೌಲಭ್ಯ ಬೇಕಾದರೆ ಎಂಟಿ-ಎಸ್‌ಟಿ ಎಂಬ ಪ್ಯಾಕೇಜ್ ಬೇರೆ ಹಾಕಿಕೊಳ್ಳಬೇಕು. ಹತ್ತಾರು ಕಾರ್ಟ್ರಿಡ್ಜ್ ಹಿಡಿಯುವ, ತಾನೇ ಬದಲಿಸಿಕೊಳ್ಳುವ ಪೆಟ್ಟಿಗೆ ಇದ್ದರೆ ಅದರ ಕೈಯಾಡಿಸುವುದು ಎಂಟಿಎಕ್ಸ್.

ಒಂದು ಫೈಲ್ ಮುಗಿದ ಕಡೆ ಡ್ರೈವ್ ಟೇಪಿನ ಮೇಲೆ ಒಂದು ಗುರುತು ಹಾಕುತ್ತದೆ. ಡಿಸ್ಕ್‌ನ ಹಾಗೆ ನಡುವಿನ ಫೈಲೊಂದನ್ನು ತಿದ್ದಿ ಬರೆಯಲು ಆಗುವುದಿಲ್ಲ. ಮೂರನೇ ಫೈಲಿನ ಜಾಗದಲ್ಲಿ ಬರೆದರೆ ನಾಲ್ಕು, ಐದು, ಆರು ಎಲ್ಲವೂ ಕೈತಪ್ಪಿದಂತೆಯೇ. ಹಳೇ ಟೇಪಿಗೆ ಸೇರಿಸಿ ಬರೆಯುವ ಮುಂಚೆ ಇಒಡಿ ಕೊಟ್ಟು, ಸ್ಟೇಟಸ್ ನೋಡಿ, ಆಮೇಲೆ ಬರೆಯಬೇಕು.

ಟಾರ್ ಮತ್ತು ವೇಗ

ಲಿನಕ್ಸ್ ಕಲಿತವರೆಲ್ಲ ಬಳಸುವ ಟಾರ್ ಹುಟ್ಟಿದ್ದೇ ಟೇಪಿಗಾಗಿ. 1979ರ ಏಳನೇ ಆವೃತ್ತಿಯ ಯುನಿಕ್ಸ್‌ನಲ್ಲಿ ಅದು ಬಂತು. ಅಂದಿನ ಅಳತೆಯ ಗುರುತು ಇಂದಿಗೂ ಉಳಿದಿದೆ: ಏನೂ ಹೇಳದಿದ್ದರೆ ಟಾರ್ 512 ಬೈಟಿನ 20 ತುಂಡು ಸೇರಿಸಿ 10,240 ಬೈಟಿನ ಬ್ಲಾಕ್ ಮಾಡಿ ಬರೆಯುತ್ತದೆ. ಈಗಿನ ಡ್ರೈವಿಗೆ ಇದು ತೀರಾ ಸಣ್ಣ ತುತ್ತು. ಬ್ಲಾಕಿಂಗ್ ಫ್ಯಾಕ್ಟರ್ 512 ಎಂದು ಕೊಟ್ಟರೆ ಬ್ಲಾಕ್ 256 ಕೆಬಿ ಆಗಿ ವೇಗ ಏರುತ್ತದೆ. ಬರೆದ ಅಳತೆಯನ್ನು ರಿಜಿಸ್ಟರಿನಲ್ಲಿ ನಮೂದಿಸಿಡಬೇಕು. ಮುಂದೆ ಓದುವವರು ಬೇರೆ ಅಳತೆ ಕೊಟ್ಟು ದೋಷ ಬಂದರೆ, ಸರಿಯಿದ್ದ ಟೇಪನ್ನೇ ಕೆಟ್ಟಿದೆ ಎಂದು ಎಸೆದುಬಿಡಬಹುದು.

ಟೇಪಿನ ನಿಜವಾದ ಶತ್ರು ನಿಧಾನಗತಿ. ಡ್ರೈವ್ ಓಡುತ್ತಲೇ ಬರೆಯಬೇಕು. ಡಿಸ್ಕ್‌ನಿಂದ ದತ್ತಾಂಶ ತಡವಾಗಿ ಬಂದರೆ ಡ್ರೈವ್ ಸ್ವಲ್ಪ ಮಟ್ಟಿಗೆ ವೇಗ ತಗ್ಗಿಸಿಕೊಳ್ಳುತ್ತದೆ. ಅದಕ್ಕೂ ಕೆಳಗಿಳಿದರೆ ನಿಂತು, ಹಿಂದಕ್ಕೆ ಸರಿದು, ಮತ್ತೆ ಓಟ ಹಿಡಿದು ಬರೆಯುತ್ತದೆ. ಗಂಟೆಗಟ್ಟಲೆ ಹೀಗೆ ಹಿಂದೆ ಮುಂದೆ ಎಳೆದಾಡಿದರೆ ಟೇಪ್, ಹೆಡ್ ಎರಡೂ ಸವೆಯುತ್ತವೆ. ಲಕ್ಷಾಂತರ ಸಣ್ಣ ಸಣ್ಣ ಫೋಟೊ ಇರುವ ಕೋಶವನ್ನು ನೇರ ಟೇಪಿಗೆ ಹಚ್ಚಿದಾಗ ಆಗುವುದು ಇದೇ. ನಡುವೆ ಎಂಬಫರ್ ಎಂಬ ಕಮಾಂಡ್ ಇಟ್ಟು, ಮೆಮೊರಿಯಲ್ಲಿ ಕೆಲವು ಜಿಬಿ ತುಂಬಿದ ಮೇಲಷ್ಟೇ ಟೇಪಿಗೆ ಬಿಡುವುದು ಒಂದು ಉಪಾಯ. ಮೊದಲು ವೇಗದ ಡಿಸ್ಕ್‌ನಲ್ಲಿ ಒಂದೇ ದೊಡ್ಡ ಕಡತವಾಗಿ ಕಟ್ಟಿ, ಅದನ್ನು ಟೇಪಿಗೆ ಹರಿಸುವುದು ಇನ್ನೂ ಗಟ್ಟಿ.

ಯಂತ್ರ ಒಂದಕ್ಕಿಂತ ಹೆಚ್ಚಿದ್ದರೆ ಬರೀ ಟಾರ್ ಸಾಲದು. 1991ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಅಮಾಂಡಾ, 2000ದಲ್ಲಿ ಶುರುವಾದ ಬಾಕುಲಾ, ಅದರಿಂದ ಕವಲೊಡೆದ ಬಾರಿಯೋಸ್ ಈ ಕೆಲಸಕ್ಕೆಂದೇ ಇರುವ ಮುಕ್ತ ತಂತ್ರಾಂಶಗಳು. ಯಾವ ಫೈಲ್ ಯಾವ ಟೇಪಿನ ಎಲ್ಲಿದೆ ಎಂಬ ಪಟ್ಟಿಯನ್ನು ಬಾಕುಲಾ ಡೇಟಾಬೇಸಿನಲ್ಲಿ ಇಟ್ಟುಕೊಳ್ಳುತ್ತದೆ. ಆ ಪಟ್ಟಿ ಇರುವ ಯಂತ್ರವೇ ಸುಟ್ಟರೆ? ಟೇಪುಗಳನ್ನೆಲ್ಲ ಮೊದಲಿಂದ ಓದಿಸಿ ಪಟ್ಟಿ ಮತ್ತೆ ಕಟ್ಟಬಹುದು, ಆದರೆ ಹತ್ತಾರು ಟೇಪಿದ್ದರೆ ದಿನಗಳೇ ಹಿಡಿಯುತ್ತವೆ. ಅದಕ್ಕೇ ಪ್ರತಿ ರಾತ್ರಿಯ ಕೊನೆಯಲ್ಲಿ ಪಟ್ಟಿಯನ್ನೂ ಟೇಪಿಗೆ ಬರೆಯುವುದು ವಾಡಿಕೆ.

ಅಜ್ಜ, ಅಪ್ಪ, ಮಗ

ಟೇಪುಗಳನ್ನು ಸರದಿಯಲ್ಲಿ ಬಳಸುವ ಹಳೆಯ ಪದ್ಧತಿಗೆ ಮೂರು ತಲೆಮಾರಿನ ಹೆಸರಿದೆ. ಸೋಮವಾರದಿಂದ ಗುರುವಾರದವರೆಗಿನ ನಾಲ್ಕು ಟೇಪು ಮಗ, ಪ್ರತಿ ವಾರ ಮರುಬಳಕೆ. ಶುಕ್ರವಾರದ ಪೂರ್ಣ ಪ್ರತಿ ಅಪ್ಪ, ತಿಂಗಳ ತನಕ ಇರುತ್ತದೆ. ತಿಂಗಳ ಕೊನೆಯದು ಅಜ್ಜ, ವರ್ಷ ತುಂಬುವವರೆಗೆ ಮುಟ್ಟುವಂತಿಲ್ಲ. ಲೆಕ್ಕ ನೋಡುವ ಸಂಸ್ಥೆಗಳಿಗೆ ನಾನು ಇನ್ನೊಂದನ್ನು ಸೇರಿಸುತ್ತೇನೆ: ಮಾರ್ಚ್ 31ರ ಟೇಪ್. ಆಡಿಟ್ ತಕರಾರು ಯಾವ ವರ್ಷದ್ದಾದರೂ ಎದ್ದು ಬರಬಹುದು, ಆ ದಿನದ ಪ್ರತಿ ಸರದಿಗೆ ಸೇರಲೇಬಾರದು. ಅಂಥ ಟೇಪಿನ ಅಂಚಿನಲ್ಲಿರುವ ಸಣ್ಣ ಗುಂಡಿಯನ್ನು ಸರಿಸಿದರೆ ಅದರ ಮೇಲೆ ಡ್ರೈವ್ ಬರೆಯುವುದಿಲ್ಲ. ಗುಂಡಿಯನ್ನೂ ನಂಬದವರಿಗೆ ಒಮ್ಮೆ ಮಾತ್ರ ಬರೆಯಲು ಬರುವ ವರ್ಮ್ ಕಾರ್ಟ್ರಿಡ್ಜ್ ಇದೆ.

ಮರುಬಳಕೆಯಲ್ಲಿ ಎಡವಿದವರ ಪಟ್ಟಿಯಲ್ಲಿ ನಾಸಾ ಕೂಡ ಇದೆ. ಅಪೋಲೊ 11 ಚಂದ್ರನ ಮೇಲಿಳಿದಾಗಿನ ಮೂಲ ಟೆಲಿಮೆಟ್ರಿ ಟೇಪುಗಳು ಎಲ್ಲಿ ಎಂದು ಹುಡುಕಿ ಹುಡುಕಿ, ಅವನ್ನು ಬಹುಶಃ ಅಳಿಸಿ ಬೇರೆ ಕೆಲಸಕ್ಕೆ ಬಳಸಿಬಿಟ್ಟಿದ್ದೇವೆ ಎಂದು 2009ರಲ್ಲಿ ಅದು ಒಪ್ಪಿಕೊಂಡಿತು. ಟೇಪ್ ಕೆಟ್ಟಿರಲಿಲ್ಲ. ಅದರಲ್ಲಿ ಏನಿದೆ, ಎಷ್ಟು ಕಾಲ ಇಡಬೇಕು ಎಂಬುದು ಆ ಹೊತ್ತಿಗೆ ಟೇಪ್ ಕೈಯಲ್ಲಿದ್ದವರ ಗಮನದಲ್ಲಿರಲಿಲ್ಲ.

ರಿಜಿಸ್ಟರ್

ಪ್ರತಿ ಕಾರ್ಟ್ರಿಡ್ಜ್‌ಗೆ ಬಾರ್‌ಕೋಡ್ ಚೀಟಿ ಅಂಟಿಸುತ್ತಾರೆ. ಆರು ಅಕ್ಷರದ ಸಂಖ್ಯೆ, ಕೊನೆಗೆ ಪೀಳಿಗೆ ಹೇಳುವ ಎರಡು ಅಕ್ಷರ. ಎಲ್‌ಟಿಒ-6 ಆದರೆ ‘ಎಲ್6’. ಚೀಟಿಯ ಮೇಲೆ ‘ಸೋಮವಾರ’, ‘ಪಹಣಿ’ ಎಂದೆಲ್ಲ ಬರೆಯಬಾರದು. ಟೇಪಿನ ಬಳಕೆ ಬದಲಾಗುತ್ತದೆ, ಸಂಖ್ಯೆ ಬದಲಾಗಬಾರದು. ಶಿಕಾರಿಪುರ 176 ಎಂದರೆ ನೂರು ವರ್ಷದ ಮೇಲೂ ಅದೇ ಶಾಸನ ಸಿಗುವ ಹಾಗೆ.

ರಿಜಿಸ್ಟರ್ ಕಾಗದದ್ದೇ ಇರಲಿ. ಸರ್ವರ್ ಸತ್ತ ದಿನ ಎಕ್ಸೆಲ್ ಹಾಳೆ ತೆರೆಯಲು ಆಗುವುದಿಲ್ಲ. ಬೇಕಾದ ಅಂಕಣಗಳು ಹೆಚ್ಚಿಲ್ಲ: ಟೇಪ್ ಸಂಖ್ಯೆ, ಬರೆದ ತಾರೀಖು, ಏನಿದೆ, ಬ್ಲಾಕ್ ಅಳತೆ, ಯಾವ ತಂತ್ರಾಂಶ, ಈಗ ಎಲ್ಲಿದೆ, ಯಾರು ಒಯ್ದರು, ಕೊನೆಗೆ ಓದಿ ನೋಡಿದ್ದು ಯಾವಾಗ. ಕೊನೆಯ ಅಂಕಣ ಖಾಲಿಯಿದ್ದರೆ ಆ ಟೇಪನ್ನು ನಾನು ಬ್ಯಾಕಪ್ ಎಂದು ಎಣಿಸುವುದಿಲ್ಲ.

ಮಳೆ, ಧೂಳು, ಸಿಡಿಲು

ದೀರ್ಘಕಾಲ ಇಡುವ ಟೇಪಿಗೆ 16ರಿಂದ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಶೇ 20ರಿಂದ 50ರ ಆರ್ದ್ರತೆ ಇರಬೇಕು ಎಂಬುದು ತಯಾರಕರ ಶಿಫಾರಸು. ಅಷ್ಟಿದ್ದರೆ 30 ವರ್ಷ ಬಾಳಿಕೆ ಎನ್ನುತ್ತಾರೆ. ನಮ್ಮ ಜುಲೈ–ಆಗಸ್ಟ್‌ನಲ್ಲಿ ಹಾಸಿಗೆ ಬಟ್ಟೆಯೇ ತಣ್ಣಗೆ ಒದ್ದೆ ಹತ್ತಿದಂತಿರುತ್ತದೆ, ಬೀರುವಿನಲ್ಲಿಟ್ಟ ಫೋಟೊ ಆಲ್ಬಂಗೆ ಬೂಷ್ಟು ಹಿಡಿಯುತ್ತದೆ. ಗಾಳಿಯಾಡದ ಡಬ್ಬ, ಒಳಗೆ ಸಿಲಿಕಾ ಜೆಲ್, ಪುಟ್ಟದೊಂದು ಆರ್ದ್ರತಾ ಮಾಪಕ ಇವಿಷ್ಟಿಲ್ಲದೆ ಮಲೆನಾಡಿನಲ್ಲಿ ಟೇಪ್ ಇಡುವುದು ಬೇಡ. ಹೊರಗಿಂದ ತಂದ ಟೇಪನ್ನು ಕೂಡಲೇ ಡ್ರೈವಿಗೆ ಹಾಕದೆ, ಒಂದು ದಿನ ಆ ಕೋಣೆಯ ಹವೆಗೆ ಬಿಟ್ಟು ಆಮೇಲೆ ಹಾಕಬೇಕು.

ಬೇಸಿಗೆಯ ಕಾಟ ಧೂಳು. ಡ್ರೈವಿನ ಹೆಡ್ ಒರೆಸಲು ಬೇರೆಯದೇ ಕ್ಲೀನಿಂಗ್ ಕಾರ್ಟ್ರಿಡ್ಜ್ ಇದೆ, ಸುಮಾರು 50 ಸಲ ಬಳಸಬಹುದು. ಡ್ರೈವ್ ಕೇಳಿದಾಗ ಮಾತ್ರ ಹಾಕಬೇಕು. ಭಾನುವಾರಕ್ಕೊಮ್ಮೆ ಎಂದು ನೇಮ ಮಾಡಿಕೊಂಡರೆ ಹೆಡ್ ಸವೆಯುತ್ತದೆ. ಡ್ರೈವ್ ಏನು ಕೇಳುತ್ತಿದೆ ಎಂದು ಟೇಪ್‌ಇನ್ಫೊ ಎಂಬ ಕಮಾಂಡ್ ತೋರಿಸುತ್ತದೆ.

ಮುಂಗಾರಿಗೆ ಮುಂಚಿನ ಸಿಡಿಲು ವಿದ್ಯುತ್ ತಂತಿ, ನೆಟ್‌ವರ್ಕ್ ಕೇಬಲ್ ಎರಡರಿಂದಲೂ ಒಳಬರುತ್ತದೆ. ಕಪಾಟಿನಲ್ಲಿರುವ ಟೇಪಿಗೆ ಯಾವ ತಂತಿಯೂ ಇಲ್ಲ. ಡಿಸ್ಕ್‌ನ ಫೈಲುಗಳಿಗೆ ಬೀಗ ಜಡಿದು ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಕೂಡ ಕಪಾಟಿಗೆ ಕೈಚಾಚಲಾರದು. ಹಳತಾಯಿತು ಎಂದು ಬದಿಗೆ ಸರಿಸಿದ್ದ ಟೇಪಿನ ಮೇಲೆ ಇತ್ತೀಚೆಗೆ ಮತ್ತೆ ಕಣ್ಣು ಬಿದ್ದಿರುವುದಕ್ಕೆ ಇದೇ ಮುಖ್ಯ ಕಾರಣ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಲ್ಲಿ ಎಂಬುದು ಫೋಟೊಗ್ರಾಫರ್ ಪೀಟರ್ ಕ್ರೋಗ್ ಹೇಳಿ ಹೆಸರಾದ ಸೂತ್ರ. ಶಿಕಾರಿಪುರದ ಟೇಪಿಗೆ ಆ ಬೇರೆ ಊರು ಶಿವಮೊಗ್ಗ ಆಗಬಹುದು. ಪಕ್ಕದ ಕೋಣೆ ಆಗದು.

ವಾಪಸ್ ಓದಿ ನೋಡುವುದು

2011ರ ಫೆಬ್ರವರಿ ಕೊನೆಯಲ್ಲಿ ಗೂಗಲ್‌ನ ತಂತ್ರಾಂಶ ದೋಷವೊಂದು ಜಿಮೇಲ್‌ನ ಶೇ 0.02ರಷ್ಟು ಬಳಕೆದಾರರ ಅಂಚೆಯನ್ನು ಮಾಯ ಮಾಡಿತು. ಹಲವು ಡೇಟಾ ಸೆಂಟರುಗಳಲ್ಲಿದ್ದ ಪ್ರತಿಗಳಿಗೂ ದೋಷ ಹರಡಿತ್ತು. ಅಂಚೆ ಮರಳಿ ಬಂದದ್ದು ಟೇಪಿನಿಂದ. ಇದಕ್ಕೆ ಎದುರು ಸಾಕ್ಷಿ, ಪ್ರೋಗ್ರಾಂ ಕೋಡ್ ಇಡುವ ತಾಣವಾದ ಗಿಟ್‌ಲ್ಯಾಬ್‌ನ 2017ರ ಜನವರಿ 31ರ ಪ್ರಕರಣ. ಅಲ್ಲಿ ಟೇಪಿನ ಪ್ರಶ್ನೆ ಇರಲಿಲ್ಲ, ಪಾಠ ಒಂದೇ. ತಪ್ಪಿ 300 ಜಿಬಿಯಷ್ಟು ಅಳಿಸಿದ ಮೇಲೆ ನೋಡಿದರೆ ಅವರ ಐದು ಬಗೆಯ ಬ್ಯಾಕಪ್ ವ್ಯವಸ್ಥೆಗಳಲ್ಲಿ ಒಂದೂ ನೆಟ್ಟಗಿರಲಿಲ್ಲ. ಡೇಟಾಬೇಸ್ ಪ್ರತಿ ತೆಗೆಯುವ ಕೆಲಸ ಎಷ್ಟೋ ದಿನದಿಂದ ಸೋಲುತ್ತಿತ್ತು. ಸೋತಿದೆ ಎಂದು ತಿಳಿಸುವ ಮೇಲ್‌ಗಳೂ ತಿರಸ್ಕೃತವಾಗುತ್ತಿದ್ದವು. ಕೊನೆಗೆ ಆರು ಗಂಟೆ ಹಳೆಯ ಸ್ನ್ಯಾಪ್‌ಶಾಟ್ ಒಂದು ಆಕಸ್ಮಿಕವಾಗಿ ಇದ್ದದ್ದಕ್ಕೆ ಬಚಾವಾದರು.

ಟಾರ್‌ನಲ್ಲಿ ಹೋಲಿಸಿ ನೋಡುವ ಆಯ್ಕೆ ಇದೆ, ಬರೆದ ಕೂಡಲೇ ಅದನ್ನು ಓಡಿಸಬಹುದು. ಅದು ಸಾಲದು. ತಿಂಗಳಿಗೊಮ್ಮೆ ಯಾವುದಾದರೊಂದು ಹಳೇ ಟೇಪ್ ತೆಗೆದು, ಬರೆದ ಯಂತ್ರ ಬಿಟ್ಟು ಬೇರೆ ಯಂತ್ರದಲ್ಲಿ, ಬರೆದವರು ಬಿಟ್ಟು ಬೇರೆಯವರ ಕೈಯಲ್ಲಿ, ಒಂದು ಪಹಣಿಯನ್ನೋ ಒಂದು ಸಾಲದ ಖಾತೆಯನ್ನೋ ಹೊರತೆಗೆಸಬೇಕು. ಕನ್ನಡದ ಹೆಸರಿನ ಫೈಲುಗಳು ಸರಿಯಾಗಿ ಬಂದವೇ ನೋಡಬೇಕು. ಹಳೇ ನುಡಿ, ಶ್ರೀಲಿಪಿ ಫಾಂಟಿನ ಕಡತಗಳಾದರೆ ಫಾಂಟನ್ನೂ ಜೊತೆಗೇ ಬರೆದಿಡಬೇಕು. ಇಲ್ಲದಿದ್ದರೆ ದತ್ತಾಂಶ ವಾಪಸ್ ಬಂದೂ ಓದಲು ಬರುವುದಿಲ್ಲ.

ಎಲ್‌ಟಿಒ-4ರಿಂದ ಈಚೆಗೆ ಡ್ರೈವೇ ಎನ್‌ಕ್ರಿಪ್ಟ್ ಮಾಡಬಲ್ಲದು. ಬಸ್ಸಿನಲ್ಲಿ, ಬೈಕಿನಲ್ಲಿ ಓಡಾಡುವ ಟೇಪಿಗೆ ಅದು ಬೇಕೇ ಬೇಕು. ಕೀಲಿ ಮಾತ್ರ ಅದೇ ಸರ್ವರಿನಲ್ಲಿ ಇರಬಾರದು. ಮುದ್ರಿಸಿ ಲಕೋಟೆಯಲ್ಲಿಟ್ಟು ಬೇರೆ ಬೇರೆ ಜಾಗದ ಎರಡು ಬೀರುಗಳಲ್ಲಿ ಇಡುವುದು ಹಳೆಯ ರೀತಿ, ಒಳ್ಳೆಯ ರೀತಿ.

ಯಾರಿಗೆ ಬೇಕು, ಯಾರಿಗೆ ಬೇಡ

ಊರಿನ ಸೊಸೈಟಿಗೆ ಟೇಪ್ ಬೇಡ. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸರ್ಕಾರ 2022ರಲ್ಲಿ ಒಪ್ಪಿಗೆ ಕೊಟ್ಟಿತು. ಅವುಗಳಲ್ಲಿ ಒಂದೊಂದರ ಲೆಕ್ಕ ಕೆಲವೇ ಜಿಬಿ. ಎರಡು ಹೊರಗಿನ ಡಿಸ್ಕ್‌ಗಳನ್ನು ಸರದಿಯಲ್ಲಿ ಬಳಸಿದರೆ ಧಾರಾಳ. ಹೊಸ ಎಲ್‌ಟಿಒ ಡ್ರೈವಿಗೆ ಲಕ್ಷಗಟ್ಟಲೆ ಬೇಕು, ಕಾರ್ಟ್ರಿಡ್ಜ್‌ಗೆ ಸಾವಿರಗಟ್ಟಲೆ ಅಷ್ಟೇ. ಆದ್ದರಿಂದ ಹತ್ತು–ಇಪ್ಪತ್ತು ಟಿಬಿ ದಾಟಿದವರಿಗೆ, ಹತ್ತಾರು ವರ್ಷ ಕಾಯಬೇಕಾದವರಿಗೆ ಟೇಪ್ ಅಗ್ಗ: ಜಿಲ್ಲಾ ಮಟ್ಟದ ಬ್ಯಾಂಕು, ಆಸ್ಪತ್ರೆಯ ಸ್ಕ್ಯಾನ್ ವಿಭಾಗ, ಶಾಸನ–ಹಸ್ತಪ್ರತಿಗಳ ಸಂಗ್ರಹ, ವರ್ಷವಿಡೀ ಮದುವೆ ಚಿತ್ರೀಕರಿಸುವ ಸ್ಟುಡಿಯೊ. ಸ್ಟುಡಿಯೊದವರಿಗೆ ಅನುಕೂಲ ಎಲ್‌ಟಿಎಫ್‌ಎಸ್. ಎಲ್‌ಟಿಒ-5ರ ಜೊತೆ 2010ರಲ್ಲಿ ಬಂದ ಈ ವ್ಯವಸ್ಥೆಯಲ್ಲಿ ಟೇಪಿನ ಒಂದು ಪಾಲು ಫೈಲ್ ಪಟ್ಟಿಗೆ ಮೀಸಲು, ಹಾಗಾಗಿ ಟೇಪ್ ಪೆನ್‌ಡ್ರೈವ್‌ನ ಹಾಗೆ ಕೋಶಗಳಾಗಿ ತೆರೆದುಕೊಳ್ಳುತ್ತದೆ. ಟಾರ್ ಗೊತ್ತಿಲ್ಲದವರೂ ಬಳಸಬಹುದು.

ಹಳೇ ಡ್ರೈವ್ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವವರು ಪೀಳಿಗೆಯ ನಿಯಮ ನೋಡಿಕೊಳ್ಳಬೇಕು. ಎಲ್‌ಟಿಒ-7ರ ವರೆಗಿನ ಡ್ರೈವ್ ತನಗಿಂತ ಎರಡು ಪೀಳಿಗೆ ಹಿಂದಿನದನ್ನು ಓದುತ್ತಿತ್ತು. ಎಲ್‌ಟಿಒ-8, ಎಲ್‌ಟಿಒ-9 ಒಂದೇ ಪೀಳಿಗೆ ಹಿಂದಕ್ಕೆ ಹೋಗುತ್ತವೆ. 2025ರಲ್ಲಿ 30 ಟಿಬಿಯೊಂದಿಗೆ ಬಂದ ಎಲ್‌ಟಿಒ-10 ಹಿಂದಿನ ಯಾವ ಟೇಪನ್ನೂ ಓದುವುದಿಲ್ಲ. ಕಾರ್ಟ್ರಿಡ್ಜ್ 30 ವರ್ಷ ಬಾಳಬಹುದು, ಡ್ರೈವ್ ಅಷ್ಟು ಬಾಳುವುದಿಲ್ಲ, ಅದರ ಬಿಡಿಭಾಗ ಅಷ್ಟು ದಿನ ಸಿಗುವುದೂ ಇಲ್ಲ. ಒಂದು ಡ್ರೈವ್ ಕೊಳ್ಳುವಾಗಲೇ ಎಂಟು–ಹತ್ತು ವರ್ಷದ ಮೇಲೆ ಎಲ್ಲ ಟೇಪುಗಳನ್ನೂ ಹೊಸ ಪೀಳಿಗೆಗೆ ನಕಲಿಸುವ ಖರ್ಚನ್ನು ಬಜೆಟ್ಟಿನಲ್ಲಿ ಬರೆದಿಡುವುದು ಸರಿ. ಆ ನಕಲು ಮುಗಿಯುವವರೆಗೆ ಹಳೇ ಡ್ರೈವನ್ನಾಗಲಿ, ಅದರ ಕಾರ್ಡ್–ಕೇಬಲನ್ನಾಗಲಿ ಗುಜರಿಗೆ ಹಾಕುವಂತಿಲ್ಲ.